ಓದುಗರ ಪ್ರಶ್ನೆ: ನಕ್ಷೆಯ ಮೇಲೆ 1610 ಎಂದಿದ್ದರೆ ಅದು ಅಷ್ಟು ಹಳೆಯದೇ?

ಪ್ರಶ್ನೆ: ಇಂಗ್ಲೆಂಡಿನಲ್ಲಿ ಹಳೆಯ ಕಾಲದ ನಕ್ಷೆಕಾರ ಜಾನ್ ಸ್ಪೀಡ್‌ನ ಕೌಂಟಿ (ಅಲ್ಲಿನ ಜಿಲ್ಲೆ) ನಕ್ಷೆಯೊಂದು ಮಾರಾಟಕ್ಕಿದೆ. ಮೇಲೆ 1610 ಎಂದಿದೆ. ನಂಬಿ ಕೊಳ್ಳಬಹುದೇ?

ಉತ್ತರ: ಇಸವಿಯೊಂದನ್ನೇ ನೋಡಿ ದುಡ್ಡು ಕೊಡಬೇಡಿ. ಅದು ನಕ್ಷೆ ಅಚ್ಚೊತ್ತುವ ತಾಮ್ರದ ಫಲಕದಲ್ಲಿ ಕೊರೆದದ್ದು, ನಿಮ್ಮ ಕೈಲಿರುವ ಹಾಳೆ ಅಚ್ಚಾದ ವರ್ಷವಲ್ಲ. ಆಮ್‌ಸ್ಟರ್‌ಡ್ಯಾಮ್‌ನ ಯೊಡೋಕಸ್ ಹೊಂಡಿಯಸ್ ಕೊರೆದ ಈ ಫಲಕಗಳು ಕೈಯಿಂದ ಕೈಗೆ ದಾಟುತ್ತಾ ನೂರು ವರ್ಷ ಕಳೆದ ಮೇಲೂ ಅಚ್ಚಾಗುತ್ತಿದ್ದವು. ಕೊಂಡವರು ಹಿಂದಿನ ಪ್ರಕಾಶಕರ ಹೆಸರು ಅಳಿಸಿ ತಮ್ಮದನ್ನು ಕೊರೆಸಿದರು. ಇಸವಿ ಎಷ್ಟೋ ಫಲಕಗಳಲ್ಲಿ ಹಾಗೇ ಉಳಿಯಿತು. ಹಾಗಾಗಿ ಮೊದಲು ಹೆಸರು ಓದಿ. ಬ್ಯಾಸೆಟ್ ಮತ್ತು ಚಿಸ್‌ವೆಲ್ ಎಂದಿದ್ದರೆ 1676ರ ಮುದ್ರಣ, ಹೆನ್ರಿ ಓವರ್‌ಟನ್ ಎಂದಿದ್ದರೆ 18ನೇ ಶತಮಾನದ್ದು.

ಇವೆಲ್ಲ ಅಸಲಿಯೇ. ಚಿಂತೆ ಇರುವುದು ಇತ್ತೀಚಿನ ಮರುಮುದ್ರಣದ್ದು. ಅದಕ್ಕೆ ಫ್ರೇಮ್ ಬಿಚ್ಚಿಸಿ ಬೆನ್ನು ನೋಡಲೇಬೇಕು. 17ನೇ ಶತಮಾನದ ಪ್ರತಿಗಳ ಬೆನ್ನಿಗೆ ಸಾಮಾನ್ಯವಾಗಿ ಆ ಕೌಂಟಿಯ ವಿವರಣೆ ಅಚ್ಚಾಗಿರುತ್ತದೆ. ಓವರ್‌ಟನ್ ಪ್ರತಿಗಳಲ್ಲಿ ಬೆನ್ನು ಖಾಲಿ. ನಕ್ಷೆಗಳನ್ನು ಪುಸ್ತಕಕ್ಕೆ ಹೊಲಿಯುತ್ತಿದ್ದರಿಂದ ನಡುವೆ ಮಡಿಕೆ, ಮಡಿಕೆಯ ಹಿಂದೆ ಅಂಟಿಸಿದ ಕಾಗದದ ಪಟ್ಟಿಯ ಗುರುತು ಇರಬೇಕು. ಹಾಳೆಯನ್ನು ಬೆಳಕಿಗೆ ಹಿಡಿದರೆ ಕೈಯಿಂದ ಕಾಗದ ಮಾಡಿದ ತಂತಿ ಜಾಲರಿಯ ಒತ್ತೊತ್ತಾದ ಗೆರೆಗಳು, ಅವನ್ನು ಅಡ್ಡ ಹಾಯುವ, ಸುಮಾರು ಎರಡೂವರೆ ಸೆಂಟಿಮೀಟರಿಗೊಂದರಂತೆ ಇರುವ ಗೆರೆಗಳು ಕಾಣುತ್ತವೆ.

ನಂತರ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿಯಿರಿ. ಕೊರೆದ ಗೆರೆ ತುದಿಯಲ್ಲಿ ಸಣ್ಣಗಾಗುತ್ತಾ ಮುಗಿಯುತ್ತದೆ, ಶಾಯಿ ಕಾಗದದಿಂದ ತುಸು ಉಬ್ಬಿ ನಿಂತಿರುತ್ತದೆ. ಬಣ್ಣದಲ್ಲಿ ಸಾಲುಸಾಲು ಚುಕ್ಕಿಗಳು ಕಂಡರೆ ಅಲ್ಲಿಗೇ ಬಿಡಿ, ಅದು ಯಂತ್ರದ ಕೆಲಸ.

ನಕ್ಷೆಯ ಅಂಚಿನಾಚೆ ಸುತ್ತಲೂ ಫಲಕ ಒತ್ತಿದ ತಗ್ಗನ್ನು ಬೆರಳಿನಿಂದ ಸವರಿ ನೋಡಬಹುದು. ಒದ್ದೆ ಕಾಗದವನ್ನು ಫಲಕದೊಡನೆ ರೋಲರಿನಡಿ ಹಾಯಿಸಿದ್ದರಿಂದ ಬಂದ ಗುರುತು ಅದು. ಆದರೆ ಅದೊಂದನ್ನೇ ನೆಚ್ಚಬೇಡಿ: ತೊಳೆದು ಒತ್ತಿದ ಅಸಲಿ ಹಾಳೆಯಲ್ಲಿ ಅದು ಮಾಸಿರುತ್ತದೆ, ಅಂಚು ಕತ್ತರಿಸಿದ್ದರೆ ಇರುವುದೇ ಇಲ್ಲ, ನಕಲಿಗೆ ಬೇಕೆಂದೇ ಒತ್ತುವವರೂ ಇದ್ದಾರೆ.

ಬಣ್ಣದ ಮಾತು ಬೇರೆ. ಫಲಕದಿಂದ ಬರುತ್ತಿದ್ದುದು ಕಪ್ಪು ಮಾತ್ರ, ಉಳಿದದ್ದು ಕೈಯಿಂದ ತುಂಬಿದ್ದು. ತಾಮ್ರದ ಕಿಲುಬಿನಿಂದ ಮಾಡಿದ ಹಳೆಯ ಹಸಿರು ಕಾಗದವನ್ನು ತಿನ್ನುತ್ತದೆ. ಹಸಿರಿರುವ ಕಡೆಯೆಲ್ಲ ಬೆನ್ನಿನಲ್ಲಿ ಕಂದು ನೆರಳು ಮೂಡಿದ್ದರೆ ಬಣ್ಣವೂ ಹಳೆಯದಿರುವ ಸಂಭವ ಹೆಚ್ಚು. ಅಂಥ ಹಾಳೆಯನ್ನು ಮಡಿಸಬೇಡಿ, ಹಸಿರಿನ ಗೆರೆಗುಂಟ ಬಿರಿಯುತ್ತದೆ.