ಹೂ ಬಂತು ಅಂದರೆ ಕುಡುಗೋಲು ತೆಗೆಯಿರಿ

ಪ್ರತಿ ವರ್ಷ ಮೃಗಶಿರ ಮಳೆ ಹೊತ್ತಿಗೆ ನನ್ನ ಫೋನಿಗೆ ಒಂದೇ ಥರದ ಫೋಟೊಗಳು ಬರುತ್ತವೆ. ಹಿತ್ತಲ ತುಂಬ ಸೆಣಬು, ತುದಿಯಲ್ಲಿ ಹಳದಿ ಹೂ. ಇಲ್ಲವೇ ನೆಲ ಕಾಣದ ಹಾಗೆ ಹಬ್ಬಿದ ಅಲಸಂದೆ. ಎರಡೂ ಹಸಿರೆಲೆ ಗೊಬ್ಬರಕ್ಕೆ ಬಿತ್ತಿದ್ದು, ಅಂದರೆ ಹಸಿರಾಗಿರುವಾಗಲೇ ಕಡಿದು ಮಣ್ಣಿಗೆ ಸೇರಿಸಲು ಬೆಳೆಸಿದ್ದು. ಜೊತೆಗೆ ಒಂದು ಪ್ರಶ್ನೆ: "ಸಾರ್, ಇಷ್ಟು ಚೆನ್ನಾಗಿ ಬಂದಿದೆ. ಈಗಲೇ ಕಡೀಬೇಕಾ?"

ಹೌದು, ಈಗಲೇ. ಈ ವಾರದೊಳಗೆ.

ಹೇಳಿದರೂ ಕಡಿಯುವವರು ಕಡಿಮೆ. "ಪಾಪ, ಹೂ ಬಿಟ್ಟಿದೆ", "ಇನ್ನು ಹದಿನೈದು ದಿನ ಬಿಟ್ಟರೆ ಕಾಯಿ ಸಿಗುತ್ತೆ ಅಲ್ವಾ", "ಊರಿಂದ ತಮ್ಮ ಬಂದ ಮೇಲೆ ಕಡಿಸ್ತೀನಿ". ಹೀಗೆ ಜೂನ್ ಕಳೆಯುತ್ತದೆ. ಕಾಯಿ ಬಲಿಯುತ್ತದೆ, ಕಾಂಡ ಕಡ್ಡಿಯಾಗುತ್ತದೆ. ಕೊನೆಗೆ ಅದನ್ನೆಲ್ಲ ಮಣ್ಣಿಗೆ ಸೇರಿಸಿ, ಮೂರನೇ ದಿನಕ್ಕೆ ಬದನೆ ಸಸಿ ನೆಡುತ್ತಾರೆ. ಆಗಸ್ಟಿನಲ್ಲಿ ಮತ್ತೆ ಫೋಟೊ: "ಹಸಿರೆಲೆ ಗೊಬ್ಬರ ಹಾಕಿದ್ರೂ ಗಿಡ ಹಳದಿ ಆಗ್ತಿದೆ. ಇದೆಲ್ಲ ಸುಮ್ನೆ ಹೇಳ್ತಾರಾ?"

ಸುಮ್ನೆ ಅಲ್ಲ. ಹಸಿರೆಲೆ ಗೊಬ್ಬರದಲ್ಲಿ ಬೀಜಕ್ಕಿಂತ, ಮಣ್ಣಿಗಿಂತ, ನೀರಿಗಿಂತ ಮುಖ್ಯವಾದದ್ದು ಕಡಿಯುವ ದಿನ.

ಯಾವ ಬೀಜ ಹಾಕಬೇಕು ಎಂದು ಜನ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಅಷ್ಟು ಬೇಕಿಲ್ಲ. ನಮ್ಮ ಮೈಸೂರು ಕಡೆಯ ಕೆಂಪು ಮಣ್ಣಿಗೆ ಸೆಣಬು ಅಥವಾ ಅಲಸಂದೆ. ನೀರು ನಿಲ್ಲುವ ಜಾಗ ಅಥವಾ ಚೌಳು ಮಣ್ಣಾದರೆ ಡಯಾಂಚ ಎಂಬ ಹಸಿರೆಲೆ ಗೊಬ್ಬರದ ಗಿಡ. ಮಳೆ ನಂಬುವ ಹಾಗಿಲ್ಲ, ಮಣ್ಣೂ ಬಡವಾಗಿದೆ ಅಂದರೆ ಹುರುಳಿ. ಕುಂಡ, ಗ್ರೋಬ್ಯಾಗ್ ಆದರೆ ಹೆಸರುಕಾಳು, ಮೆಂತ್ಯ. ಅಲಸಂದೆ, ಹುರುಳಿ, ಹೆಸರು ಮೂರೂ ದಿನಸಿ ಅಂಗಡಿಯಲ್ಲೇ ಸಿಗುತ್ತವೆ. ಹತ್ತು ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ, ಎಂಟು ಮೊಳೆತರೆ ಬಿತ್ತಬಹುದು. ಸೆಣಬು, ಡಯಾಂಚ ಬೇಕಿದ್ದರೆ ಬೀಜದ ಅಂಗಡಿಗೆ ಹೋಗಬೇಕು. ಪಹಣಿ ಇರುವ ರೈತರು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಲಿ, ಮುಂಗಾರಿಗೆ ಮುಂಚೆ ಸಬ್ಸಿಡಿ ದರದಲ್ಲಿ ಬರುವುದುಂಟು. 10 ಅಡಿ ಉದ್ದ, 10 ಅಡಿ ಅಗಲದ ಜಾಗಕ್ಕೆ 50 ಗ್ರಾಂ ಸೆಣಬು ಸಾಕು. ನಸುಗುನ್ನಿ ಜಾತಿಯ ಬಳ್ಳಿ ಯಾರಾದರೂ ಕೊಟ್ಟರೆ, ಮಕ್ಕಳು ಓಡಾಡುವ ಹಿತ್ತಲಿಗೆ ಬೇಡ. ಕೆಲವು ತಳಿಗಳ ಕಾಯಿಯ ರೋಮ ಮೈಗೆ ತಾಗಿದರೆ ತುರಿಕೆ ತಡೆಯಲಾಗದು.

"ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅಂತಾರಲ್ಲ, ಆ ಮಳೆಗೇ ಚೆಲ್ಲಿ. ಅಂದರೆ ಏಪ್ರಿಲ್ ಕೊನೆ, ಮೇ ಮೊದಲ ವಾರ. ಯೂರಿಯಾ ಗೀರಿಯಾ ಹಾಕಬೇಡಿ. ಮಣ್ಣಿನಲ್ಲಿ ಸಾರಜನಕ ಸುಲಭವಾಗಿ ಸಿಕ್ಕರೆ ದ್ವಿದಳ ಗಿಡ ಗಾಳಿಯ ಸಾರಜನಕ ಹಿಡಿಯುವ ಗಂಟುಗಳನ್ನು ಬೇರಿನಲ್ಲಿ ಕಟ್ಟುವುದನ್ನೇ ಕಡಿಮೆ ಮಾಡುತ್ತದೆ.

ಇಷ್ಟು ಎಲ್ಲರೂ ಮಾಡುತ್ತಾರೆ. ಈಗ ಕಡಿಯುವ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಬಹಳ ಜನರ ತಲೆಯಲ್ಲಿ ಒಂದು ಲೆಕ್ಕ ಕೂತಿದೆ. ಗೊಬ್ಬರ ಇರುವುದು ಬೇರಿನ ಗಂಟಿನಲ್ಲಿ. ಆದ್ದರಿಂದ ಮೇಲಿನದ್ದು ನಮಗೆ, ಬೇರು ಮಣ್ಣಿಗೆ. ಕಾಯಿ ಬಿಡಿಸಿ ಪಲ್ಯ ಮಾಡೋಣ, ಸೊಪ್ಪು ಹಸುವಿಗೆ ಹಾಕೋಣ, ಬೇರು ಹೇಗೂ ಒಳಗೆ ಇದ್ದೇ ಇರುತ್ತಲ್ಲ! ಶಾಲೆಯ ಪಾಠದಲ್ಲಿ ಬೇರಿನ ಗಂಟಿನ ಚಿತ್ರವನ್ನೇ ನೋಡಿರುವುದರಿಂದ ಹೀಗಾಗಿರಬಹುದು. ಆದರೆ ಆ ಗಂಟು ಸಾರಜನಕ ತಯಾರಾಗುವ ಜಾಗ, ಉಳಿಯುವ ಜಾಗವಲ್ಲ. ಗಾಳಿಯಿಂದ ಹಿಡಿದ ಸಾರಜನಕ ಕಾಂಡದ ಮೂಲಕ ಮೇಲಕ್ಕೆ ಹೋಗಿ ಎಲೆ ಸೇರುತ್ತದೆ. ಗಿಡದಲ್ಲಿರುವ ಸಾರಜನಕದ ದೊಡ್ಡ ಪಾಲು ನೆಲದ ಮೇಲಿನ ಹಸಿರಿನಲ್ಲೇ ಇರುತ್ತದೆ. ಅದನ್ನು ಹೊರಗೆ ಸಾಗಿಸಿದರೆ ಗೊಬ್ಬರವನ್ನೇ ಸಾಗಿಸಿದ ಹಾಗೆ.

ಹೂ ಬಿಡುವ ತನಕ ಇದು ಎಲೆಯಲ್ಲೇ ಕೂಡುತ್ತಾ ಹೋಗುತ್ತದೆ. ಕಾಯಿ ಕಚ್ಚಿದ ಮೇಲೆ ಗಿಡದ ಗಮನ ಬೇರೆ ಕಡೆ ತಿರುಗುತ್ತದೆ. ಎಲೆಯಲ್ಲಿದ್ದದ್ದನ್ನೆಲ್ಲ ತೆಗೆದು ಕಾಳಿಗೆ ತುಂಬುತ್ತದೆ, ತಾಯಿ ತಾನು ತಿನ್ನದೆ ಮಕ್ಕಳಿಗೆ ಎತ್ತಿಡುವ ಹಾಗೆ. ಬೇರಿನ ಗಂಟುಗಳೂ ಸೊರಗುತ್ತವೆ. ಅಲಸಂದೆಯ ಕೆಳಗಿನ ಎಲೆಗಳು ಆಗ ಹಳದಿಯಾಗಿ ಉದುರುವುದನ್ನು ನೀವೇ ನೋಡಿದ್ದೀರಿ. ಕಾಳು ಬಲಿತ ಮೇಲೆ ಉಳಿದ ಬಳ್ಳಿಯಲ್ಲಿ ಗೊಬ್ಬರ ಬಹಳ ಕಡಿಮೆ. ಅದು ಮಣ್ಣನ್ನು ಸಡಿಲ ಮಾಡುತ್ತದೆ, ತೇವ ಹಿಡಿಯುತ್ತದೆ, ವ್ಯರ್ಥವೇನಲ್ಲ. ಆದರೆ ಅದನ್ನು ನಂಬಿ ಮುಂದಿನ ಬೆಳೆಗೆ ಬೇರೆ ಗೊಬ್ಬರ ಹಾಕದೆ ಕೂರಬೇಡಿ.

ಇನ್ನೊಂದು ತೊಂದರೆ ಕಾಂಡದ್ದು. ಸೆಣಬನ್ನು ನಮ್ಮ ಹಿರಿಯರು ಹಗ್ಗಕ್ಕೆ, ಗೋಣಿಗೆ ನಾರು ಬೇಕೆಂದು ಬೆಳೆಯುತ್ತಿದ್ದರು. ನಾರು ಬೇಕಿದ್ದವರು ಬಲಿಯಲು ಬಿಡುತ್ತಿದ್ದರು, ಗೊಬ್ಬರ ಬೇಕಿದ್ದವರು ಎಳೆಯದರಲ್ಲೇ ಉಳುತ್ತಿದ್ದರು. ನಾವು ಗೊಬ್ಬರಕ್ಕೆಂದು ಬಿತ್ತಿ ನಾರಿನವರ ಹಾಗೆ ಕಾಯುತ್ತೇವೆ. ಬಲಿತ ಕಾಂಡದಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಮ್ಮಿ. ಇಂಥದ್ದನ್ನು ಮಣ್ಣಿಗೆ ಹಾಕಿದಾಗ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಸಾಲುವುದಿಲ್ಲ. ಅವು ಮಣ್ಣಿನಲ್ಲಿದ್ದದ್ದನ್ನೇ ಎಳೆದುಕೊಳ್ಳುತ್ತವೆ. ಆಗ ನಿಮ್ಮ ಬದನೆ ಸಸಿಗೆ ಸಿಗುವುದಿಲ್ಲ, ಅದು ಹಳದಿಯಾಗುತ್ತದೆ. ಒಂದು ಭಾಗ ಸಾರಜನಕಕ್ಕೆ ಇಂಗಾಲ ಸುಮಾರು 25 ಭಾಗ ದಾಟಿದರೆ ಈ ಎಳೆದಾಟ ಶುರು. ಎಳೆ ಸೆಣಬು, ಅಲಸಂದೆ ಅದಕ್ಕಿಂತ ಕೆಳಗಿರುತ್ತವೆ. ಬಲಿತ ಕಡ್ಡಿ, ಒಣ ಹುಲ್ಲು, ಮರದ ಹೊಟ್ಟು ಬಹಳ ಮೇಲೆ. ಕೆಲವು ತಿಂಗಳಾದ ಮೇಲೆ ಆ ಸಾರಜನಕ ಮಣ್ಣಿಗೆ ವಾಪಸ್ ಬರುತ್ತದೆ, ನಿಜ. ಆದರೆ ನಿಮ್ಮ ಬದನೆ ಅಷ್ಟು ದಿನ ಕಾಯುವುದಿಲ್ಲ.

ಹಾಗಾದರೆ ಯಾವತ್ತು? ಹೆಸರು, ಅಲಸಂದೆ ಸುಮಾರು 40ರಿಂದ 45 ದಿನ, ಸೆಣಬು, ಡಯಾಂಚ 45ರಿಂದ 50 ದಿನ. ಇದು ಅಂದಾಜು ಅಷ್ಟೇ. ಬಿಸಿಲು, ತಳಿ, ಮಳೆ ನೋಡಿ ಒಂದು ವಾರ ಹಿಂದೆ ಮುಂದೆ ಆಗುತ್ತದೆ. ಕ್ಯಾಲೆಂಡರಿಗಿಂತ ಗಿಡ ನೋಡಿ. ಹತ್ತು ಗಿಡದಲ್ಲಿ ಒಂದೆರಡು ಹೂ ಬಿಟ್ಟು, ಉಳಿದವು ಮೊಗ್ಗಿನಲ್ಲಿವೆ ಅಂದರೆ ಅದೇ ದಿನ. ಸೆಣಬಿನ ಕಾಂಡವನ್ನು ನೆಲದಿಂದ ಗೇಣು ಮೇಲೆ ಹೆಬ್ಬೆರಳ ಉಗುರಿನಿಂದ ಒತ್ತಿ. ಉಗುರು ಇಳಿದರೆ ಸರಿ. ಇಳಿಯದಿದ್ದರೆ ಆಗಲೇ ತಡ.

ಹೆಬ್ಬಾಳದ ಹತ್ತಿರದ ಒಂದು ಮನೆಯ ಅಜ್ಜಿ ನನ್ನ ಜೊತೆ ಚೆನ್ನಾಗಿ ಜಗಳ ಆಡಿದರು. ಮಗ ಸೊಸೆ ಇಬ್ಬರೂ ಕಡಿಯಲು ಒಪ್ಪಿದ್ದರು. ಅಜ್ಜಿ ಪಾತಿಯ ಮುಂದೆ ನಿಂತುಬಿಟ್ಟರು. "ಏನ್ ಮಗಾ, ಬಸುರಿ ಗಿಡಕ್ಕೆ ಕುಡುಗೋಲು ಹಾಕ್ತೀಯಾ? ಅಲಸಂದೆ ಕಾಳಿನ ಸಾರು ಉಣ್ಣೋಕಾಗಲ್ವಾ ನಿಂಗೆ?" ಇಂಥವರಿಗೆ ಇಂಗಾಲ, ಸಾರಜನಕ ಅಂತ ಹೇಳುವುದು ತಪ್ಪು. ಬೆಳೆದ ಫಸಲನ್ನು ಹಾಳು ಮಾಡಬಾರದು ಎಂಬ ಅವರ ಮಾತಿನಲ್ಲಿ ಬರ ಕಂಡವರ ಬುದ್ಧಿ ಇದೆ, ಅದನ್ನು ನಾನು ಗೌರವಿಸುತ್ತೇನೆ. ಕೊನೆಗೆ ಬೇಲಿ ಪಕ್ಕದ ಒಂದು ಸಾಲು ಅಜ್ಜಿಗೆ, ಉಳಿದದ್ದು ಮಣ್ಣಿಗೆ ಎಂದು ಪಂಚಾಯ್ತಿ ಆಯಿತು. ಈಗ ಎಲ್ಲರಿಗೂ ಇದನ್ನೇ ಹೇಳುತ್ತೇನೆ. ಕಾಯಿ ಬೇಕಿದ್ದರೆ ಬಿತ್ತುವಾಗಲೇ ಒಂದು ಸಾಲು ಬೇರೆ ಇಡಿ. ಜೇನಿಗೂ ಹೂ ಉಳಿಯುತ್ತದೆ.

ಬುಡಕ್ಕೆ ಕಡಿಯಿರಿ, ಕೀಳಬೇಡಿ. ಕಡಿದದ್ದನ್ನು ನಾಲ್ಕು ಬೆರಳುದ್ದದ ತುಂಡುಗಳಾಗಿ ಕತ್ತರಿಸಿ, ಒಂದು ದಿನ ಅಲ್ಲೇ ಬಾಡಲು ಬಿಡಿ. ಆಮೇಲೆ 4ರಿಂದ 6 ಇಂಚು ಆಳಕ್ಕೆ ಸೇರಿಸಿ. ಅಗೆಯಲು ಆಗದವರು ಮೇಲೆಯೇ ಹೊದಿಸಿ ನೀರು ಕೊಡಿ. ನಿಧಾನ ಆಗುತ್ತದೆ, ಸ್ವಲ್ಪ ಸಾರಜನಕ ಗಾಳಿಗೂ ಹೋಗುತ್ತದೆ, ಆದರೂ ನಡೆಯುತ್ತದೆ. ಚೆನ್ನಾಗಿ ಬಂದ ಸೆಣಬು 10 ಅಡಿ ಚೌಕದ ಪಾತಿಯಲ್ಲಿ ಸುಮಾರು 15 ಕೆಜಿ ಹಸಿರು ಕೊಡಬಹುದು. ಅದರಲ್ಲಿ ಅಂದಾಜು 75 ಗ್ರಾಂ ಸಾರಜನಕ, ಅಂದರೆ 160 ಗ್ರಾಂ ಯೂರಿಯಾದಲ್ಲಿ ಇರುವಷ್ಟು. ಅದೆಲ್ಲ ಮೊದಲ ಬೆಳೆಗೇ ಸಿಗುವುದಿಲ್ಲ. ಕೊಟ್ಟಿಗೆ ಗೊಬ್ಬರ ಪೂರ್ತಿ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಸೇರಿಸಿದ ಮೇಲೆ ಎರಡರಿಂದ ಮೂರು ವಾರ ಕಾಯಿರಿ. ಇಲ್ಲಿ ಊರಿನ ನೆಂಟರ ಮಾತು ಅಡ್ಡ ಬರುತ್ತದೆ. "ನಮ್ಮ ಗದ್ದೇಲಿ ಸೆಣಬು ಉತ್ತು ವಾರಕ್ಕೇ ನಾಟಿ ಹಾಕ್ತೀವಲ್ಲ?" ಗದ್ದೆಯ ಮಾತು ಬೇರೆ. ಅಲ್ಲಿ ನೀರು ನಿಲ್ಲಿಸಿ ಕೆಸರು ಮಾಡುತ್ತಾರೆ, ಭತ್ತ ಅದನ್ನು ತಡೆಯುತ್ತದೆ. ತರಕಾರಿ ಸಸಿ ತಡೆಯುವುದಿಲ್ಲ. ಹಸಿ ಸೊಪ್ಪು ಕೊಳೆಯುವಾಗ ಬುಡ ಕೊಳೆಸುವ ಶಿಲೀಂಧ್ರಗಳು ಹೆಚ್ಚುತ್ತವೆ. ಅಲ್ಲಿ ಬೀಜ ಬಿತ್ತಿದರೆ, ಎಳೆ ಸಸಿ ನೆಟ್ಟರೆ, ನೆಲಮಟ್ಟದಲ್ಲಿ ಕರಗಿ ಬೀಳುತ್ತವೆ. ಒಂದು ಹಿಡಿ ಮಣ್ಣು ಎತ್ತಿ ನೋಡಿ. ಎಲೆ ಗುರುತು ಸಿಗಬಾರದು, ಹುಳಿ ವಾಸನೆ ಇರಬಾರದು. ಆಮೇಲೆ ನೆಡಿ. ಭರಣಿಗೆ ಚೆಲ್ಲಿ ಮೃಗಶಿರದಲ್ಲಿ ಕಡಿದವರಿಗೆ ಇದು ಜುಲೈ ಮೊದಲ ಭಾಗಕ್ಕೆ ಬರುತ್ತದೆ. ಬದನೆ, ಟೊಮೆಟೊ, ಮೆಣಸಿನಕಾಯಿ ಸಸಿಗಳನ್ನು ಬೇರೆ ಕಡೆ ಬೆಳೆಸಿಕೊಂಡಿದ್ದರೆ ಒಂದು ದಿನವೂ ನಷ್ಟವಿಲ್ಲ.

ಗಂಟಿನ ಬಗ್ಗೆ ಒಂದು ಎಚ್ಚರಿಕೆ. ಒಬ್ಬರು ಟೊಮೆಟೊ ಗಿಡ ಕಿತ್ತು, ಬೇರು ತುಂಬ ಗಂಟು ಇರುವ ಫೋಟೊ ಕಳಿಸಿ, "ನೋಡಿ, ಎಷ್ಟು ಸಾರಜನಕ!" ಎಂದು ಬರೆದಿದ್ದರು. ಟೊಮೆಟೊ ಬೇರಿಗೆ ಆ ಗಂಟು ಬರುವುದಿಲ್ಲ. ಅದು ಮಣ್ಣಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳುವಿನ ಗಂಟು. ಕೃಷಿಯವರು ಬೇರುಗಂಟು ರೋಗ ಅನ್ನುತ್ತಾರೆ. ಒಳ್ಳೆಯ ಗಂಟು ಬೇರಿನ ಪಕ್ಕಕ್ಕೆ ಅಂಟಿರುತ್ತದೆ, ಉಜ್ಜಿದರೆ ಉದುರುತ್ತದೆ, ಸೀಳಿದರೆ ಒಳಗೆ ಗುಲಾಬಿ ಬಣ್ಣ. ರೋಗದ ಗಂಟಿನಲ್ಲಿ ಬೇರೇ ಊದಿಕೊಂಡಿರುತ್ತದೆ, ಉಜ್ಜಿದರೆ ಹೋಗುವುದಿಲ್ಲ. ಬೆಂಡೆ, ಬದನೆ, ಟೊಮೆಟೊದಲ್ಲಿ ಇದನ್ನು ಕಂಡವರು ಆ ಪಾತಿಗೆ ಅಲಸಂದೆ ಹಾಕಬೇಡಿ. ಆ ಹುಳು ಅಲಸಂದೆಯಲ್ಲೂ ಚೆನ್ನಾಗಿ ಬೆಳೆಯುತ್ತದೆ. ಸೆಣಬು ಹಾಕಿ, ಇಲ್ಲವೇ ಒಂದು ಬೆಳೆ ಪೂರ್ತಿ ಚೆಂಡು ಹೂ ಒತ್ತಾಗಿ ಹಾಕಿ. ಹುಳು ಕಮ್ಮಿಯಾಗುತ್ತದೆ, ಪೂರ್ತಿ ಹೋಗುವ ಭರವಸೆ ಕೊಡಲಾರೆ.

ಪಾತಿ ಖಾಲಿ ಬಿಡಲು ಜಾಗವೇ ಇಲ್ಲ ಅನ್ನುವವರು ಬೇಲಿಗೆ ಎರಡು ಗ್ಲಿರಿಸಿಡಿಯ ಕೊಂಬೆ ನೆಡಿ. ಹಳ್ಳಿ ಕಡೆ ಗೊಬ್ಬರದ ಗಿಡ ಅನ್ನುವುದು ಇದನ್ನೇ. ಬೇರು ಹಿಡಿದ ಮೇಲೆ ವರ್ಷಕ್ಕೆ ಎರಡು ಮೂರು ಸಲ ಸೊಪ್ಪು ಕಡಿದು ಬುಡಗಳಿಗೆ ಹೊದಿಸಬಹುದು.

ಈ ವರ್ಷ ಈಗಾಗಲೇ ಕಾಯಿ ಬಿಟ್ಟಾಗಿದೆ ಅನ್ನುವವರು ಗಾಬರಿ ಆಗುವುದು ಬೇಡ. ಕಾಯಿ ಒಣಗಿ ಸಿಡಿಯುವ ಮುಂಚೆ ಕಡಿಯಿರಿ, ಇಲ್ಲದಿದ್ದರೆ ಸೆಣಬು ಮುಂದಿನ ವರ್ಷ ಕ್ಯಾರೆಟ್ ನಡುವೆ ಏಳುತ್ತದೆ. ಸೆಣಬಿನ ಬೀಜವನ್ನು ಕೋಳಿಗೆ, ಹಸುವಿಗೆ ಹಾಕಬೇಡಿ, ಅದರಲ್ಲಿ ವಿಷದ ಅಂಶ ಇರುತ್ತದೆ. ಎಲೆ, ಎಳೆ ತುದಿಗಳನ್ನು ಮಾತ್ರ ಸವರಿ ಮಣ್ಣಿಗೆ ಸೇರಿಸಿ, ಜೊತೆಗೆ ಒಂದೆರಡು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ ಹಾಕಿ. ಕಡ್ಡಿಗಳನ್ನು ಒಣಗಿಸಿ ಇಟ್ಟುಕೊಳ್ಳಿ, ಹುರುಳಿಕಾಯಿ ಬಳ್ಳಿಗೆ ಆಸರೆ ಕೊಡಲು ಬರುತ್ತವೆ.