ಆರ್ಡರ್ ಬೀಳುವ ಮೊದಲೇ ತೂಗಿಟ್ಟ ಶೇಂಗಾ

ಬೆಳಗಾವಿಯಲ್ಲಿ ಮನೆಗೆ ಕಿರಾಣಿ ಮುಟ್ಟಿಸುವ ಧಂದೆಯವರು ತಡದ ದೂರು ಬಂದರೆ ಮೊದಲು ಬೈಕಿನ ಹುಡುಗರನ್ನು ಹೆಚ್ಚಿಸಲು ನೋಡುತ್ತಾರೆ. ಶಹಾಪುರದಿಂದ ಟಿಳಕವಾಡಿಗೆ ಹೋಗುವ ಹೊತ್ತನ್ನು ಎಷ್ಟು ಕಡಿಮೆ ಮಾಡಲಾದೀತು? ಹೊತ್ತು ಹಾಳಾಗುವುದು ಗೋದಾಮಿನೊಳಗೆ: ಆರ್ಡರ್ ಬಿದ್ದ ಮೇಲೆ ಚೀಲ ಬಿಚ್ಚಿ ಶೇಂಗಾ ತೂಗುವುದು, ಹಿಂದಿನ ಕೋಣೆಯಿಂದ ಎಣ್ಣೆ ಡಬ್ಬಿ ಹೊತ್ತು ತರುವುದು, ಕಂಪ್ಯೂಟರಿನಲ್ಲಿ ಇದೆ ಎಂದು ತೋರಿಸುವ, ರ್ಯಾಕಿನಲ್ಲಿ ಇಲ್ಲದ ಗಸಗಸೆಗೆ ಹುಡುಕಾಡುವುದು. ನಾಳೆ ಏನು, ಎಷ್ಟು ಬೇಕಾದೀತು ಎಂಬ ಅಂದಾಜು ಕೈಯಲ್ಲಿದ್ದರೆ ಈ ಕೆಲಸಗಳಲ್ಲಿ ಬಹುಪಾಲನ್ನು ಮಧ್ಯಾಹ್ನದ ಬಿಡುವಿನಲ್ಲೇ ಮುಗಿಸಬಹುದು. ಅಂದಾಜು ಬರೀ ಖರೀದಿಗೆ ಎಂದುಕೊಂಡವರಿಗೆ ಈ ಲಾಭ ಸಿಗುವುದಿಲ್ಲ.

ಹಾಗಾಗಿ ಅಂದಾಜನ್ನು ‘ಶೇಂಗಾ 60 ಕಿಲೋ’ ಎಂದು ತೆಗೆದರೆ ಸಾಲದು. ‘ಅರ್ಧ ಕಿಲೋದ 70 ಪೊಟ್ಟಣ, ಒಂದು ಕಿಲೋದ 25’ ಎಂದು ಬರಬೇಕು. ಅಂದಾಜಿನ 80 ಪ್ರತಿಶತದಷ್ಟನ್ನು ಮೊದಲೇ ತೂಗಿಟ್ಟು, ಉಳಿದದ್ದನ್ನು ಆರ್ಡರ್ ನೋಡಿ ತೂಗುವುದು ಒಳ್ಳೆಯದು. ಪೂರ್ತಿ ಕಟ್ಟಿಟ್ಟು ಉಳಿದರೆ ಪೊಟ್ಟಣ ಒಡೆಯುವ ಕೆಲಸ ಬೇರೆ ಬೀಳುತ್ತದೆ. ಮೊದಲೇ ಕಟ್ಟಿದ ಪೊಟ್ಟಣಕ್ಕೆ 2011ರ ಕಾನೂನು ಮಾಪನಶಾಸ್ತ್ರದ ಪೊಟ್ಟಣ ನಿಯಮಗಳು ಅನ್ವಯಿಸುತ್ತವೆ ಎಂಬುದು ನೆನಪಿರಲಿ: ಕಟ್ಟಿದವರ ಹೆಸರು-ವಿಳಾಸ, ನಿವ್ವಳ ತೂಕ, ಗರಿಷ್ಠ ಬೆಲೆ, ತಿಂಗಳು-ವರ್ಷ ಮುಂತಾದವು ಚೀಟಿಯ ಮೇಲೆ ಇರಬೇಕು.

ಅಂದಾಜು ತೆಗೆಯಲು ಶುರುವಿಗೇ ಮಷೀನ್ ಲರ್ನಿಂಗ್ ಬೇಕಿಲ್ಲ. ಹಿಂದಿನ ಆರು ಸೋಮವಾರಗಳ ಸರಾಸರಿಯೇ ಬರುವ ಸೋಮವಾರದ ಮೊದಲ ಅಂದಾಜು. ಇತ್ತೀಚಿನ ಎರಡು ವಾರದ ಅಂಕಿಗಳನ್ನು ಎರಡೆರಡು ಸಲ ಎಣಿಸಿ ಸರಾಸರಿ ತೆಗೆದರೆ ಇನ್ನೂ ಚಲೋ. ಯಾರಾದರೂ ದುಬಾರಿ ಸಾಫ್ಟ್‌ವೇರ್ ಮಾರಲು ಬಂದರೆ ಎಕ್ಸೆಲ್ ಹಾಳೆಯ ಈ ಸರಾಸರಿಯನ್ನು ಅದು ಎಷ್ಟರಮಟ್ಟಿಗೆ ಸೋಲಿಸುತ್ತದೆ ಎಂದು ಕೇಳಿ. ಅನೇಕ ಸಲ ಉತ್ತರ ಮುಜುಗರದ್ದೇ ಆಗಿರುತ್ತದೆ. ಅಂದಾಜು ಎಷ್ಟು ಸರಿ ಎಂದು ಅಳೆಯುವಾಗ ಎರಡು ಸಂಖ್ಯೆ ಬೇರೆಬೇರೆ ಇಡಬೇಕು: ಒಟ್ಟಿನ ತಪ್ಪು, ದಿನದಿನದ ತಪ್ಪು. ಮೂರು ದಿನಕ್ಕೆ 20, 20, 20 ಎಂದು ಅಂದಾಜಿಸಿ 10, 20, 30 ಮಾರಿದರೆ ಒಟ್ಟು ಸರಿಹೋಯಿತು ಅನ್ನಿಸುತ್ತದೆ. ದಿನದ ಲೆಕ್ಕದಲ್ಲಿ ಮೊದಲ ದಿನ 10, ಮೂರನೆಯ ದಿನ 10 ತಪ್ಪು; 60ಕ್ಕೆ 20, ಅಂದರೆ 33 ಪ್ರತಿಶತ. ಗಿರಾಕಿಗೆ ಸಿಕ್ಕುವುದು ಆ ದಿನದ ಮಾಲು, ಮೂರು ದಿನದ ಸರಾಸರಿಯಲ್ಲ.

ಎಲ್ಲಕ್ಕಿಂತ ಮೋಸದ ಅಂಕಿ ಮಾಲು ಮುಗಿದ ದಿನದ್ದು. ಭಾನುವಾರ 40 ಸೂಡು ಕೊತ್ತಂಬರಿ ತರಿಸಿದಿರಿ, 11 ಗಂಟೆಗೆ ಖಾಲಿ. ದಾಖಲೆಯಲ್ಲಿ ಮಾರಾಟ 40. ಅದನ್ನೇ ಬೇಡಿಕೆ ಎಂದು ನಂಬಿ ಮುಂದಿನ ಭಾನುವಾರವೂ 40 ತರಿಸುತ್ತೀರಿ, ಮತ್ತೆ 11ಕ್ಕೆ ಖಾಲಿ, ಅಂದಾಜು ಮಾತ್ರ ನೂರಕ್ಕೆ ನೂರು ಸರಿ! ಮಾಲು ಮುಗಿದ ಗಂಟೆಯನ್ನು ಬರೆದಿಡುವುದೇ ಇದಕ್ಕೆ ಮದ್ದು. ಮುಗಿಯದ ದಿನಗಳಲ್ಲಿ 11 ಗಂಟೆಯೊಳಗೆ ದಿನದ ಅರ್ಧ ಮಾರಾಟ ಆಗುತ್ತದೆ ಎಂದಿದ್ದರೆ, ಆ ಭಾನುವಾರದ ಬೇಡಿಕೆಯನ್ನು 80 ಎಂದು ತಿದ್ದಬೇಕು. ಬದಲಿ ಮಾಲಿನದೂ ಇದೇ ಕಥೆ: ಐದು ಕಿಲೋದ ಗೋಧಿ ಹಿಟ್ಟು ಇಲ್ಲದ ದಿನ ಒಂದು ಕಿಲೋದ ಪೊಟ್ಟಣಗಳು ಒಮ್ಮೆಲೇ ಹಾರಿಹೋಗುತ್ತವೆ. ಆ ಜಿಗಿತವನ್ನು ಹಾಗೇ ಬಿಟ್ಟರೆ ಮುಂದಿನ ವಾರ ಸಣ್ಣ ಪೊಟ್ಟಣಗಳೇ ರಾಶಿ ಬೀಳುತ್ತವೆ.

ಇನ್ನು ಹಬ್ಬ. ‘ಕಳೆದ ವರ್ಷದ ಇದೇ ತಾರೀಖು’ ಎಂಬ ಹೋಲಿಕೆ ನಮ್ಮ ಕಡೆ ಕೆಲಸಕ್ಕೆ ಬಾರದು. ಗಣೇಶ ಚೌತಿ 2024ರಲ್ಲಿ ಸೆಪ್ಟೆಂಬರ್ 7ಕ್ಕೆ, 2025ರಲ್ಲಿ ಆಗಸ್ಟ್ 27ಕ್ಕೆ ಬಂತು. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಸೆಪ್ಟೆಂಬರ್ 14. ರಂಜಾನ್‌ಗೆ ಅಧಿಕ ಮಾಸದ ತಿದ್ದುಪಡಿಯೂ ಇಲ್ಲ, ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ತಾರೀಖು ಬಿಟ್ಟು ‘ಹಬ್ಬಕ್ಕೆ ಉಳಿದ ದಿನ’ ಎಂಬ ಕಾಲಮ್ ಮಾಡಿ, ಹಳೆಯ ಮಾರಾಟವನ್ನು ಅದರಂತೆ ಜೋಡಿಸಿ. ಆಗ ಒಂದೊಂದು ಮಾಲಿನ ನಡೆ ಕಾಣುತ್ತದೆ. ನಾಗರ ಪಂಚಮಿಗೆ ಉಂಡಿ ಕಟ್ಟುವ ಶೇಂಗಾ, ಎಳ್ಳು, ಪುಟಾಣಿ, ಬೆಲ್ಲ, ಒಣಕೊಬ್ಬರಿ ಹಬ್ಬಕ್ಕೆ ನಾಲ್ಕೈದು ದಿನ ಮೊದಲೇ ಏಳುತ್ತವೆ. ಹಾಲು ಹಿಂದಿನ ದಿನ. ಆಷಾಢ ಏಕಾದಶಿಗೆ ಸಾಬೂದಾಣಿ ಏರುತ್ತದೆ. ಬೆಳಗಾವಿಯ ಗಣಪತಿ ಅನಂತ ಚತುರ್ದಶಿಯವರೆಗೂ ನಡೆಯುವುದರಿಂದ ರವಾ-ಸಕ್ಕರೆಯ ಏರಿಕೆ ಒಂದು ದಿನಕ್ಕೆ ಮುಗಿಯುವುದಿಲ್ಲ. ಮಂಡಳದವರು ಪ್ರಸಾದಕ್ಕೆ ಒಯ್ಯುವ 50 ಕಿಲೋದಂಥ ಆರ್ಡರನ್ನು ಮಾತ್ರ ದಿನದ ಮಾರಾಟದಲ್ಲಿ ಬೆರೆಸದೆ ಬೇರೆ ಪಟ್ಟಿಯಲ್ಲಿಡಿ.

ಅಂದಾಜು ಬಂದ ಮೇಲೆ ಎಷ್ಟು ತರಿಸಬೇಕು ಎಂಬುದು ಬೇರೆ ಪ್ರಶ್ನೆ. ಕೊತ್ತಂಬರಿ ಸೂಡಿಗೆ 8 ರೂಪಾಯಿ ಕೊಟ್ಟು 12ಕ್ಕೆ ಮಾರುತ್ತೀರಿ ಅನ್ನೋಣ. ಒಂದು ಕಡಿಮೆಯಾದರೆ ನಷ್ಟ 4, ಉಳಿದು ಬಾಡಿದರೆ 8. ಕೊರತೆಯ ನಷ್ಟ ನಾಲ್ಕನ್ನು ಎರಡೂ ನಷ್ಟಗಳ ಮೊತ್ತ ಹನ್ನೆರಡರಿಂದ ಭಾಗಿಸಿದರೆ ಮೂರನೇ ಒಂದು. ಕಳೆದ 12 ಭಾನುವಾರಗಳ ತಿದ್ದಿದ ಬೇಡಿಕೆಯನ್ನು ಚಿಕ್ಕದರಿಂದ ದೊಡ್ಡದಕ್ಕೆ ಬರೆದು, 12ರ ಮೂರನೇ ಒಂದು ಅಂದರೆ ನಾಲ್ಕನೆಯ ಸಂಖ್ಯೆ ಆರಿಸಿ, ಅಷ್ಟೇ ತರಿಸಿ. ಆದರೆ ಕೊತ್ತಂಬರಿ ಇಲ್ಲವೆಂದು ಫೋನ್ ಮಾಡುವುದು, ಕಾಯುವುದು, ಇಡೀ ಆರ್ಡರೇ ರದ್ದಾಗುವ ಸಂಭವ, ಇವೆಲ್ಲ ಸೇರಿ ಕೊರತೆಯ ನಷ್ಟ 16 ಎಂದಾದರೆ ಪ್ರಮಾಣ ಮೂರನೇ ಎರಡಕ್ಕೆ ಏರುತ್ತದೆ. ಆಗ ಎಂಟನೆಯ ಸಂಖ್ಯೆ. ಶೇಂಗಾ, ಜೋಳ, ಬೇಳೆ ಒಂದು ದಿನ ಉಳಿದರೆ ಕೆಡುವುದಿಲ್ಲ. ಅವುಗಳಲ್ಲಿ ಕೈ ಬಿಗಿ ಮಾಡುವುದು ಬರೀ ಜಿಪುಣತನ. ಲೆಕ್ಕ ನೋಡಿ: ಪ್ರತಿ ಮಾಲು 97 ಪ್ರತಿಶತ ಹೊತ್ತು ಸಿಗುತ್ತದೆ ಎಂದರೂ, ಹತ್ತು ಮಾಲಿನ ಆರ್ಡರ್ ಪೂರ್ತಿ ಸಿಗುವುದು ನೂರರಲ್ಲಿ ಸುಮಾರು 74 ಸಲ. ಉಳಿದ 26ಕ್ಕೆ ಫೋನು, ಬದಲಿ, ತಡ.

ರ್ಯಾಕಿನ ಜೋಡಣೆಯೂ ಇದೇ ಅಂದಾಜಿನಿಂದ ಬರಬೇಕು. ಕೆಜಿ ಅಥವಾ ರೂಪಾಯಿ ಬಿಡಿ, ಎಷ್ಟು ಆರ್ಡರುಗಳಲ್ಲಿ ಆ ಮಾಲು ಬರುತ್ತದೆ ಎಂದು ಎಣಿಸಿ. ಹೆಚ್ಚು ಬರುವವು ಪ್ಯಾಕಿಂಗ್ ಟೇಬಲ್ಲಿನ ಹತ್ತಿರ, ಸೊಂಟದಿಂದ ಭುಜದ ಎತ್ತರದಲ್ಲಿ. ಭಾರದ ಹಿಟ್ಟು, ಎಣ್ಣೆ ಕೆಳಗೆ. ಪಂಚಮಿಗೆ ವಾರ ಮೊದಲು ಉಂಡಿಯ ಸಾಮಾನೆಲ್ಲ ಒಂದೇ ರ್ಯಾಕಿಗೆ ಬರಲಿ, ಹಬ್ಬ ಮುಗಿದ ದಿನವೇ ತೆಗೆಯಿರಿ. ಇಲ್ಲವಾದರೆ ದಸರೆಯವರೆಗೂ ಎಳ್ಳು ಅಲ್ಲೇ ಕೂತಿರುತ್ತದೆ.

ಆಳಿನ ಲೆಕ್ಕದಲ್ಲಿ ಆಗುವ ತಪ್ಪು ಒಂದೇ. ಗಂಟೆಗೆ 24 ಆರ್ಡರ್, ಒಂದಕ್ಕೆ 5 ನಿಮಿಷ, ಒಟ್ಟು 120 ನಿಮಿಷ, ಹಾಗಾದರೆ ಇಬ್ಬರು ಸಾಕು ಅನ್ನುತ್ತಾರೆ. ಆರ್ಡರುಗಳು ಸಾಲಾಗಿ ಅಂತರ ಬಿಟ್ಟು ಬರುವುದಿಲ್ಲ. ಇಬ್ಬರಿಗೂ ಉಸಿರಾಡಲು ಬಿಡುವಿಲ್ಲದಿದ್ದರೆ ಹತ್ತು ನಿಮಿಷದ ದಟ್ಟಣೆ ಸಂಜೆಯವರೆಗೂ ಕರಗದು. ಮೂವರು ಬೇಕು.

ವಾರಕ್ಕೆ ಒಂದೆರಡೇ ಮಾರುವ ಮಾಲಿಗೆ ದಿನದ ಅಂದಾಜು ತೆಗೆಯಲು ಹೋಗಬೇಡಿ. ಸೊನ್ನೆಗಳ ಸಾಲಿನಲ್ಲಿ ಸರಾಸರಿಗೆ ಅರ್ಥವಿಲ್ಲ. ಎರಡು ಉಳಿದಾಗ ನಾಲ್ಕು ತರಿಸು ಎಂಬ ನಿಯಮವೇ ಸಾಕು. ಹೀಗೆ ಉಳಿದ ಮುಂಜಾನೆಯ ಹೊತ್ತನ್ನು ಹೆಚ್ಚು ಓಡುವ 50 ಮಾಲುಗಳನ್ನು ರ್ಯಾಕಿನಲ್ಲೇ ಎಣಿಸಿ, ಕಂಪ್ಯೂಟರಿನ ಸಂಖ್ಯೆಯನ್ನು ತಿದ್ದಲು ಕೊಡಿ.