‘ಈಸಬೇಕು, ಇದ್ದು ಜಯಿಸಬೇಕು’: ಕವಿಗಳು ಯಾವ ಗೆಲುವಿನ ಮಾತಾಡುತ್ತಾರೆ?

ಪ್ರಶ್ನೆ: ಯಶಸ್ಸು ಅಂದರೆ ಏನು ಎಂದು ಬೇರೆ ಬೇರೆ ಕವಿಗಳು ಹೇಗೆ ಚಿತ್ರಿಸಿದ್ದಾರೆ? ಸನ್ಮಾನ, ಬೀಳ್ಕೊಡುಗೆಯ ಭಾಷಣಕ್ಕೋ ಮಕ್ಕಳ ಪ್ರಬಂಧಕ್ಕೋ ಯಾವ ಸಾಲು ಬಳಸಬಹುದು?

ಉತ್ತರ: ಸಾಲು ಹುಡುಕುವ ಮೊದಲು ಪದ ನೋಡಿಕೊಳ್ಳಿ. ಸಂಸ್ಕೃತದ ‘ಯಶಸ್’ ಎಂದರೆ ಕೀರ್ತಿ, ಒಳ್ಳೆಯ ಹೆಸರು. ಹಳಗನ್ನಡದಲ್ಲಿ ಅದು ‘ಜಸ’ವಾಯಿತು. ಪರೀಕ್ಷೆ ಪಾಸಾಯಿತು, ವ್ಯಾಪಾರ ಕುದುರಿತು ಎಂಬ ಅರ್ಥ ಅದಕ್ಕೆ ಆಮೇಲೆ ಅಂಟಿಕೊಂಡದ್ದು. ಹಳೆಯ ಕಾವ್ಯದಲ್ಲಿ ಆ ಪದ ಕಂಡೊಡನೆ ಇವತ್ತಿನ ‘ಸಕ್ಸೆಸ್’ ಎಂದು ಓದಿದರೆ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತದೆ. ಎದುರಾಳಿಯನ್ನು ಮಣಿಸಿದರೆ ಗೆಲುವು, ಹಿಡಿದ ಕೆಲಸ ಕೈಗೂಡಿದರೆ ಸಿದ್ಧಿ, ಮಾಡಬೇಕಾದ್ದನ್ನು ಮಾಡಿ ಮುಗಿಸಿದ ನೆಮ್ಮದಿ ಕೃತಕೃತ್ಯತೆ. ಒಳ್ಳೆಯ ಕವಿಗಳು ಇವುಗಳಲ್ಲಿ ಒಂದನ್ನು ಇನ್ನೊಂದರ ಎದುರಿಗೆ ತಂದು ನಿಲ್ಲಿಸುತ್ತಾರೆ.

ಇದನ್ನು ಪಂಪನಷ್ಟು ಚೆನ್ನಾಗಿ ಮಾಡಿದವರು ಕಡಿಮೆ. ಅವನ ಆದಿಪುರಾಣದಲ್ಲಿ ಭರತ ಷಟ್ಖಂಡಗಳನ್ನೂ ಗೆದ್ದು, ತನ್ನ ವಿಜಯದ ಪ್ರಶಸ್ತಿ, ಅಂದರೆ ಹೊಗಳಿಕೆಯ ಬರಹ, ಕೆತ್ತಿಸಲು ವೃಷಭಾಚಲವೆಂಬ ಬೆಟ್ಟಕ್ಕೆ ಬರುತ್ತಾನೆ. ತನ್ನಂಥವನು ಹಿಂದೆ ಯಾರೂ ಇರಲಿಲ್ಲವೆಂಬ ಹಮ್ಮು ಅವನದು. ನೋಡಿದರೆ ಬೆಟ್ಟದ ಮೈಯೆಲ್ಲ ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳು. ಒಂದು ಸಾಲಿಗೂ ಜಾಗವಿಲ್ಲ. ಹಮ್ಮು ಇಳಿಯುತ್ತದೆ. ಆದರೂ ಅವನು ಹಾಗೇ ಹಿಂದಿರುಗುವುದಿಲ್ಲ, ಹಳೆಯದೊಂದನ್ನು ಅಳಿಸಿ ತನ್ನದನ್ನು ಬರೆಸುತ್ತಾನೆ. ಈ ಕೊನೆಯ ತಿರುವನ್ನು ಬಿಟ್ಟು ಕಥೆ ಹೇಳುವವರೇ ಹೆಚ್ಚು. ಬಿಟ್ಟರೆ ಅದು ವಿನಯದ ಪಾಠವಾಗುತ್ತದೆ. ಸೇರಿಸಿಕೊಂಡರೆ ತಾನು ಅಳಿಸಿದ ಹಾಗೆಯೇ ನಾಳೆ ಇನ್ನೊಬ್ಬ ತನ್ನದನ್ನೂ ಅಳಿಸುತ್ತಾನೆಂದು ಕಣ್ಣಾರೆ ಕಂಡೂ ಕೆತ್ತಿಸುವ ಮನುಷ್ಯನ ಚಿತ್ರವಾಗುತ್ತದೆ. ಎರಡನೆಯದೇ ಪಂಪ.

ಅದೇ ಕಾವ್ಯದಲ್ಲಿ ಮುಂದೆ ದೃಷ್ಟಿ, ಜಲ, ಮಲ್ಲ ಮೂರೂ ಯುದ್ಧಗಳಲ್ಲಿ ಬಾಹುಬಲಿ ಅಣ್ಣ ಭರತನನ್ನು ಸೋಲಿಸಿ, ಗೆದ್ದ ರಾಜ್ಯವನ್ನು ಅವನಿಗೇ ಬಿಟ್ಟು ತಪಸ್ಸಿಗೆ ಹೊರಡುತ್ತಾನೆ. ಕಾವ್ಯ ಮುಗಿದದ್ದು 941ರಲ್ಲಿ. ಸುಮಾರು ನಾಲ್ಕು ದಶಕಗಳ ಬಳಿಕ ಶ್ರವಣಬೆಳಗೊಳದ ಬೆಟ್ಟದ ನೆತ್ತಿಯಲ್ಲಿ ನಿಂತ ಏಕಶಿಲೆಯ ಮೂರ್ತಿ ಹೀಗೆ ಬಿಟ್ಟು ಹೊರಟವನದು.

ಮಹಾಭಾರತದ ಕಥೆ ಹೇಳುವ ಪಂಪನ ಇನ್ನೊಂದು ಕಾವ್ಯ ವಿಕ್ರಮಾರ್ಜುನ ವಿಜಯದಲ್ಲೂ ಇದೇ ಬಗೆಯ ಆಟವಿದೆ. ಹೆಸರಿನಲ್ಲೇ ಅರ್ಜುನನ ಗೆಲುವಿದೆ, ಅರ್ಜುನನ ನೆಪದಲ್ಲಿ ಆಶ್ರಯದಾತ ಅರಿಕೇಸರಿಯ ಹೊಗಳಿಕೆಯಿದೆ. ಆದರೂ ಕರ್ಣ ಬಿದ್ದಾಗ ಕವಿ ‘ನೆನೆಯದಿರಣ್ಣ ಭಾರತದೊಳಿಂ ಪೆಱರಾರುಮನೊಂದೆ ಚಿತ್ತದಿಂ ನೆನೆವೊಡೆ ಕರ್ಣನಂ ನೆನೆಯ’ ಎಂದುಬಿಡುತ್ತಾನೆ. ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ, ನೆನೆಯುವುದಾದರೆ ಕರ್ಣನನ್ನು ನೆನೆ. ಕಾರಣವೂ ಅಲ್ಲೇ ಇದೆ: ಅವನ ‘ಕಡುನನ್ನಿ’, ಅಂದರೆ ಬಿಗಿಯಾದ ಸತ್ಯ, ಅವನ ‘ಚಾಗ’, ಅಂದರೆ ತ್ಯಾಗ. ಗೆಲುವು ಒಬ್ಬನ ಪಾಲಾಯಿತು, ಜಸ ಇನ್ನೊಬ್ಬನ ಪಾಲಾಯಿತು. ಸೋತ ತಂಡಕ್ಕೆ ಸಮಾಧಾನ ಹೇಳಲು ಈ ಪದ್ಯ ತೆಗೆಯುವವರು ಒಂದು ಎಚ್ಚರ ವಹಿಸಬೇಕು: ಪಂಪ ಸೋಲನ್ನು ಹೊಗಳಿಲ್ಲ, ನನ್ನಿ ಬಿಡದವನನ್ನು ಹೊಗಳಿದ್ದಾನೆ.

ಬಸವಣ್ಣನವರ ‘ಉಳ್ಳವರು ಶಿವಾಲಯವ ಮಾಡುವರು’ ವಚನವನ್ನು ವೃಷಭಾಚಲದ ಪಕ್ಕದಲ್ಲಿಟ್ಟು ಓದಿ. ‘ಸ್ಥಾವರಕ್ಕಳಿವುಂಟು’ ಎಂಬುದು ಕಲ್ಲಿನಲ್ಲಿ ಹೆಸರು ನಿಲ್ಲಿಸುವ ಎಲ್ಲರಿಗೂ ತಟ್ಟುತ್ತದೆ. ಹೊಸ ಕಟ್ಟಡದ ಉದ್ಘಾಟನೆಗೆ ಮಾತ್ರ ಇದು ಬೇಡ!

ಅತಿ ಹೆಚ್ಚು ಬಳಕೆಯಾಗುವ, ಅಷ್ಟೇ ತಪ್ಪಾಗಿ ಬಳಕೆಯಾಗುವ ಸಾಲು ಪುರಂದರದಾಸರದು. ‘ಈಸಬೇಕು, ಇದ್ದು ಜಯಿಸಬೇಕು’ ಎಂಬಲ್ಲಿಗೆ ಭಾಷಣಕಾರ ನಿಲ್ಲಿಸುತ್ತಾನೆ, ಚಪ್ಪಾಳೆ ಬೀಳುತ್ತದೆ. ಪಲ್ಲವಿ ಅಲ್ಲಿ ಮುಗಿದಿಲ್ಲ. ‘ಹೇಸಿಗೆ ಸಂಸಾರದಲ್ಲಿ ಆಸೆ ಲೇಶ ಇಡದ್ಹಾಂಗೆ’ ಎಂದು ಅದು ಮುಂದುವರಿಯುತ್ತದೆ. ಜಯಿಸಬೇಕಾದದ್ದು ಎದುರಾಳಿಯನ್ನಲ್ಲ, ಮಾರುಕಟ್ಟೆಯನ್ನಲ್ಲ, ಒಳಗಿನ ಆಸೆಯನ್ನು. ಚರಣಗಳ ಹೋಲಿಕೆಗಳು ಇದನ್ನೇ ಬಿಡಿಸಿ ತೋರಿಸುತ್ತವೆ: ತಾವರೆಯ ಮೇಲಿನ ನೀರು, ಗೇರುಹಣ್ಣಿನ ಬೀಜ, ಮಾಂಸದಾಸೆಗೆ ಗಾಳಕ್ಕೆ ಸಿಕ್ಕ ಮೀನು. ಗೇರಿನ ಹೋಲಿಕೆ ಎಷ್ಟು ಕರಾರುವಾಕ್ಕಾಗಿದೆ ನೋಡಿ. ಬೀಜ ಹಣ್ಣಿಗೆ ಅಂಟಿಕೊಂಡೇ ಇರುತ್ತದೆ, ಆದರೆ ಹೊರಗೆ. ತಿರುವಿದರೆ ಕಳಚಿ ಬರುತ್ತದೆ. ‘ಇದ್ದು’ ಎಂಬ ಪದದ ತೂಕವೂ ಇಲ್ಲಿದೆ. ಬಿಟ್ಟು ಓಡಿಹೋಗಿ ಗೆಲ್ಲುವುದಲ್ಲ, ನಡುವೆಯೇ ಇದ್ದು ಗೆಲ್ಲುವುದು. ಮಾರಾಟದ ಗುರಿ ಮುಟ್ಟಿದವರಿಗೆ ಕೊಡುವ ಫಲಕದ ಮೇಲೆ ಈ ಸಾಲನ್ನು ಅಚ್ಚು ಹಾಕಿಸಿದರೆ ದಾಸರ ಮಾತು ತಲೆಕೆಳಗಾಗುತ್ತದೆ.

ಬೀಳ್ಕೊಡುಗೆಗೆ ಡಿ.ವಿ.ಜಿ.ಯವರ ಕಗ್ಗದಿಂದ (1943) ‘ಹುಲ್ಲಾಗು ಬೆಟ್ಟದಡಿ’ ಪದ್ಯವನ್ನು ಎಲ್ಲರೂ ಓದುತ್ತಾರೆ, ಓದಲಿ. ಆದರೆ ಸದ್ದಿಲ್ಲದೆ ದುಡಿದು ನಿವೃತ್ತರಾಗುವ ಗುಮಾಸ್ತರಿಗೋ ದಾದಿಗೋ ಅವರದೇ ‘ವನಸುಮ’ ಹೆಚ್ಚು ಒಪ್ಪುತ್ತದೆ. ಕಾಡಿನಲ್ಲಿ ಎಲೆಯ ಹಿಂದೆ ಅರಳಿದ ಮಲ್ಲಿಗೆ ‘ಜಗದ ಪೊಗಳಿಕೆಗೆ ಬಾಯ್ಬಿಡದೆ’ ಕಂಪು ಸೂಸುತ್ತದೆ. ಅದಕ್ಕೆ ಸಿಗುವುದು ಯಶಸ್ಸು ಎಂದು ಕವಿ ಹೇಳುವುದಿಲ್ಲ, ‘ಕೃತಕೃತ್ಯತೆ’ ಎನ್ನುತ್ತಾರೆ. ಪದ್ಯ ನಿಂತಿರುವುದೇ ಈ ಒಂದು ಪದದ ಆಯ್ಕೆಯ ಮೇಲೆ.

ಕುವೆಂಪು ಇದಕ್ಕೂ ಒಪ್ಪುವವರಲ್ಲ. ಮಾಡಿ ಮುಗಿಸಿದೆ ಎಂಬ ನೆಮ್ಮದಿಯೇ ಅವರಿಗೆ ಅನುಮಾನ. ‘ಕೊನೆಯನೆಂದೂ ಮುಟ್ಟದಿರು’ ಎಂದು ಚೇತನವನ್ನು ಮುಂದಕ್ಕೆ ನೂಕುವ ‘ಅನಿಕೇತನ’ದಲ್ಲಿ ಗುರಿ ಮುಟ್ಟುವುದೆಂದರೆ ನಿಂತುಹೋಗುವುದು. (‘ಮನೆಯನೆಂದೂ ಕಟ್ಟದಿರು’ ಎಂಬ ಮಾತೂ ಅದರಲ್ಲಿದೆ. ಗೃಹಪ್ರವೇಶದಲ್ಲಿ ಹಾಡಿಸುವವರು ಗಮನಿಸಿ.)

ಅಡಿಗರ ‘ಮೋಹನ ಮುರಳಿ’ಯ ‘ಇರುವುದೆಲ್ಲವ ಬಿಟ್ಟು ಇರದುದರೆಡೆಗೆ ತುಡಿವುದೆ ಜೀವನ’ವನ್ನೂ ಹೀಗೇ ಹುರಿದುಂಬಿಸುವ ಘೋಷಣೆಯಾಗಿ ಬಳಸುವುದುಂಟು. ‘ತುಡಿವುದೆ’ಯ ಕೊನೆಯ ಎಕಾರ ಗಮನಿಸಿ. ಕನ್ನಡದಲ್ಲಿ ಅದು ಒತ್ತಿ ಹೇಳಲೂ ಬರುತ್ತದೆ, ಪ್ರಶ್ನೆ ಕೇಳಲೂ ಬರುತ್ತದೆ. ತುಡಿಯುವುದೇ ಬದುಕು ಎಂದೂ ಆಗಬಹುದು, ಬದುಕೆಂದರೆ ಇಷ್ಟೇನಾ ಎಂದೂ ಆಗಬಹುದು. ಗಟ್ಟಿಯಾಗಿ ಓದುವಾಗ ದನಿಯನ್ನು ಪೂರ್ತಿ ಇಳಿಸಿದರೆ ಎರಡನೆಯ ಅರ್ಥ ಸತ್ತುಹೋಗುತ್ತದೆ.

ಇಂಗ್ಲಿಷ್ ಕವಿತೆ ಬೇಕೆಂದು ಕೇಳುವವರಿಗೆ ಎಮಿಲಿ ಡಿಕಿನ್ಸನ್‌ಳ ಹನ್ನೆರಡು ಸಾಲಿನ ಪದ್ಯವೊಂದಿದೆ. ಗೆಲುವಿನ ಸಿಹಿ ಎಷ್ಟೆಂದು ಬಲ್ಲವನು ಎಂದೂ ಗೆಲ್ಲದವನೇ ಎಂದು ಅದು ತೊಡಗುತ್ತದೆ. ಸೋತು ಸಾಯುತ್ತಿರುವ ಸೈನಿಕನ ಕಿವಿಗೆ ದೂರದ ವಿಜಯವಾದ್ಯ ಬೀಳುವಲ್ಲಿ ಮುಗಿಯುತ್ತದೆ. ಕರ್ಣನ ಪದ್ಯದ ಜೊತೆಗೆ ಓದಿಸಲು ಒಳ್ಳೆಯ ಜೋಡಿ. 1878ರಲ್ಲಿ ಅದು ಹೆಸರಿಲ್ಲದೆ ಅಚ್ಚಾದಾಗ ಹಲವರು ಅಮೆರಿಕದ ಹೆಸರಾಂತ ಲೇಖಕ ಎಮರ್ಸನ್‌ನದೆಂದು ಭಾವಿಸಿದ್ದರು.

ತಮಾಷೆಯೆಂದರೆ, ‘ಹೆಚ್ಚು ನಗುವುದು, ಬಲ್ಲವರ ಗೌರವ, ಮಕ್ಕಳ ಪ್ರೀತಿ ಗಳಿಸುವುದು, ಇದೇ ಯಶಸ್ಸು’ ಎಂಬ ಧಾಟಿಯಲ್ಲಿ ವಾಟ್ಸಾಪಿನಲ್ಲಿ ಸುತ್ತುವ ಬರಹದ ಕೆಳಗೂ ಎಮರ್ಸನ್ ಹೆಸರೇ ಇರುತ್ತದೆ. ಅದರ ಮೂಲ ಅಮೆರಿಕದ ಕಾನ್ಸಾಸ್ ರಾಜ್ಯದ ಬೆಸ್ಸಿ ಸ್ಟಾನ್ಲಿ ಎಂಬಾಕೆ ಪತ್ರಿಕೆಯೊಂದರ ಸ್ಪರ್ಧೆಗೆ ಬರೆದು ಬಹುಮಾನ ಪಡೆದ ಪುಟ್ಟ ಗದ್ಯ. ಊರ ಪತ್ರಿಕೆಯಲ್ಲಿ ಅದು ಬಂದದ್ದು 1905ರಲ್ಲಿ. ಎಮರ್ಸನ್ 1882ರಲ್ಲೇ ತೀರಿಕೊಂಡಿದ್ದ.